ಒಬ್ಬರೇ ಮಲೆನಾಡಿಗೆ ಬರುವವರಿಗೆ ಒಂದಿಷ್ಟು, ಜಿಲ್ಲಾಡಳಿತಕ್ಕೆ ಒಂದಿಷ್ಟು

ಮಾನ್ಯ ಸಂಪಾದಕರೇ,

ಮುಳ್ಳಯ್ಯನಗಿರಿಗೆ ಸಾಲುಗಟ್ಟಿದ ಕಾರುಗಳು, ಘಾಟಿಯ ತಿರುವಿನಲ್ಲಿ ಸೆಲ್ಫಿಗೆ ನಿಂತವರು, ಜಲಪಾತದ ಹತ್ತಿರ ಬಾಟಲಿ ಒಡೆದವರು. ಹಾಸನ, ಚಿಕ್ಕಮಗಳೂರಿನ ಪ್ರವಾಸದ ಬಗ್ಗೆ ಪತ್ರಿಕೆಯಲ್ಲಿ ಬರುವ ಸುದ್ದಿಯೆಲ್ಲ ಗುಂಪಿನದು. ಕಾರಿನಲ್ಲೋ ಬೈಕಿನಲ್ಲೋ ಒಬ್ಬರೇ ಬಂದು ಎರಡು ದಿನ ಸುತ್ತಿ ಹೋಗುವವರೂ ಇದ್ದಾರೆ. ಅವರಿಂದ ಗಲಾಟೆಯಿಲ್ಲ, ಆದ್ದರಿಂದ ಸುದ್ದಿಯೂ ಇಲ್ಲ. ಬಣಕಲ್ ಆಚೆ ಮಳೆಯಲ್ಲಿ ಸ್ಟೆಪ್ನಿ ಬದಲಿಸಲಾಗದೆ ನಿಂತಾಗ ಮಾತ್ರ ಕಣ್ಣಿಗೆ ಬೀಳುತ್ತಾರೆ. ಈ ಪತ್ರ ಅವರಿಗಾಗಿ. ಕೊನೆಯ ಭಾಗ ಮಾತ್ರ ಜಿಲ್ಲಾಡಳಿತಕ್ಕೆ ಮತ್ತು ಲಾಡ್ಜ್, ಹೋಂಸ್ಟೇ ನಡೆಸುವವರಿಗೆ.

ಒಬ್ಬರೇ ಹೊರಟವರಿಗೆ ಆಗುವ ತೊಂದರೆಗಳು ಎಲ್ಲರಿಗೂ ಆಗುವಂಥವೇ. ಪಂಕ್ಚರ್, ಮಂಜು, ದಾರಿ ತಪ್ಪುವುದು, ತೂಕಡಿಕೆ, ಇವು ಯಾರನ್ನೂ ಬಿಟ್ಟಿಲ್ಲ. ವ್ಯತ್ಯಾಸ ಇರುವುದು ಪಕ್ಕದ ಸೀಟಿನಲ್ಲಿ. ಅಲ್ಲಿ ಕೂತವರು ಸುಮ್ಮನೆ ಕೂತಂತೆ ಕಂಡರೂ ಗಾಜು ಒರೆಸುತ್ತಾರೆ, ಫೋನಿನಲ್ಲಿ ದಾರಿ ನೋಡುತ್ತಾರೆ, ಹಿಂದಕ್ಕೆ ತೆಗೆಯುವಾಗ ಇಳಿದು ಚರಂಡಿ ಎಲ್ಲಿದೆಯೆಂದು ಕೂಗುತ್ತಾರೆ, ಚಕ್ರಕ್ಕೆ ಕಲ್ಲು ಕೊಡುತ್ತಾರೆ, ಕಣ್ಣು ಮುಚ್ಚಿಕೊಂಡರೆ ತಿವಿಯುತ್ತಾರೆ. ಒಬ್ಬರೇ ಹೊರಡುವವರು ಈ ಕೆಲಸಗಳಲ್ಲಿ ಆದಷ್ಟನ್ನು ಮನೆಯಲ್ಲೇ ಮುಗಿಸಿ ಹೊರಡಬೇಕು. ಉಳಿದದ್ದಕ್ಕೆ ದಾರಿಯಲ್ಲಿ ಹೊತ್ತು ಇಟ್ಟುಕೊಳ್ಳಬೇಕು. ಒಬ್ಬರ ಪ್ರಯಾಣ ಅಪಾಯ ಎನ್ನುವ ಹಿರಿಯರ ಮಾತಿಗೆ ನಮ್ಮ ಪೂರ್ತಿ ಒಪ್ಪಿಗೆಯಿಲ್ಲ. ಸಿದ್ಧತೆಯಿಲ್ಲದ ಐವರಿಗಿಂತ ಸಿದ್ಧತೆಯಿರುವ ಒಬ್ಬರು ಮೇಲು.

ಸುಖದ ಮಾತು ಮೊದಲು ಆಗಿಬಿಡಲಿ. ಒಬ್ಬರೇ ಹೊರಡುವುದರ ದೊಡ್ಡ ಲಾಭವೆಂದರೆ ದಿನ ನಮ್ಮ ಕೈಯಲ್ಲಿರುವುದು. ನಾಲ್ಕು ಜನರ ರಜೆ ಹೊಂದಿಸುವಷ್ಟರಲ್ಲಿ ಕಾಫಿ ಹೂ ಉದುರಿರುತ್ತದೆ. ಕಾಫಿ ಮೊಗ್ಗು ಅರಳಿಸುವ ‘ಹೂ ಮಳೆ’ ಬೀಳುವುದು ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ. ಒಂದಿಂಚಿನಷ್ಟು ಚೆನ್ನಾಗಿ ಸುರಿದರೆ 8ರಿಂದ 10 ದಿನಕ್ಕೆ ಮೊಗ್ಗು ಬಿರಿಯುತ್ತದೆ. ಬಿರಿದ ಹೂ ಬೆಳ್ಳಗೆ ನಿಲ್ಲುವುದು ಎರಡು, ಹೆಚ್ಚೆಂದರೆ ಮೂರು ದಿನ. ಮೂಡಿಗೆರೆಯಲ್ಲೋ ಆಲೂರಿನಲ್ಲೋ ಒಳ್ಳೆಯ ಮಳೆಯಾಯಿತೆಂದು ನಿಮ್ಮ ಪತ್ರಿಕೆಯಲ್ಲಿ ಓದಿದವರು ಅಲ್ಲಿಂದ ಒಂಬತ್ತು ದಿನ ಎಣಿಸಿ, ಅದು ಬುಧವಾರವಾದರೂ ಸರಿ, ಹೊರಟುಬಿಡಬಹುದು. ಬೆಳಿಗ್ಗೆ ಏಳೂವರೆಯ ನಂತರ ಗಾಜು ಇಳಿಸಿಕೊಂಡು ಬೇಲೂರಿನಿಂದ ಮೂಡಿಗೆರೆ ಕಡೆ 30 ಕಿ.ಮೀ. ವೇಗದಲ್ಲಿ ಹೋದರೆ ಸಾಕು, ಹೂವಿಗಿಂತ ಮೊದಲು ಪರಿಮಳವೇ ಸಿಗುತ್ತದೆ. ರೊಬಸ್ಟಾ ಮೊದಲು ಹೂಬಿಡುತ್ತದೆ, ಅರೇಬಿಕಾ ಆಮೇಲೆ. ಸ್ಪ್ರಿಂಕ್ಲರ್ ಹಾಯಿಸುವ ರೊಬಸ್ಟಾ ತೋಟಗಳಲ್ಲಿ ಮಳೆ ಬಾರದೆಯೂ ಹೂವಾಗಿರುತ್ತದೆ. ಅಂಥ ಒಂದು ತೋಟದ ಫೋಟೊ ನೋಡಿ ಇಡೀ ಸೀಮೆ ಹೂಬಿಟ್ಟಿದೆಯೆಂದು ಬೆಂಗಳೂರಿನಿಂದ ಓಡಿಬರುವವರು ಇದ್ದಾರೆ. ಫೋಟೊ ರಸ್ತೆಯಿಂದಲೇ ತೆಗೆಯಿರಿ. ಬೇಲಿ ದಾಟಿ ಗಿಡ ಅಲುಗಾಡಿಸಿದರೆ ಬೆಳೆಗಾರರಿಗೆ ಅದು ಫಸಲಿನ ಲೆಕ್ಕ.

ಇನ್ನೊಂದು ಸುಖ ಹೊಯ್ಸಳರ ಗುಡಿಗಳದು. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನ ಹೆಚ್ಚಾಗಿದ್ದಾರೆ. ಆದರೆ ಗುಂಪಿನಲ್ಲಿ ಬಂದವರು ಹಳೇಬೀಡಿನಲ್ಲಿ ನಿಲ್ಲುವುದು ಅರ್ಧ ಗಂಟೆ, ಅಷ್ಟರಲ್ಲಿ ಯಾರಿಗೋ ಹಸಿವಾಗಿರುತ್ತದೆ. ಹೊಯ್ಸಳೇಶ್ವರದ ಕೆಳಗಿನ ಪಟ್ಟಿಕೆಗಳನ್ನು ಓದಲು, ಅಂದರೆ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಅದರ ಮೇಲೆ ರಾಮಾಯಣ, ಮಹಾಭಾರತದ ಕಥೆಗಳನ್ನು ಒಂದು ತುದಿಯಿಂದ ಶುರುಮಾಡಿ ನಿಧಾನವಾಗಿ ಸುತ್ತಿ ಬರಲು ಎರಡು ಗಂಟೆ ಬೇಕು. ಆ ಎರಡು ಗಂಟೆ ಒಬ್ಬರೇ ಬಂದವರಿಗೆ ಮಾತ್ರ ಸಿಗುತ್ತದೆ. ಬೇಲೂರನ್ನು ಬೆಳಿಗ್ಗೆ ಮುಗಿಸಿ, 16 ಕಿ.ಮೀ. ದೂರದ ಹಳೇಬೀಡಿಗೆ ಮಧ್ಯಾಹ್ನ ಮೂರರ ಮೇಲೆ ಹೋಗಿ. ಹಿಂಬದಿಯ ಪಶ್ಚಿಮದ ಗೋಡೆಗೆ ಆಗ ಬಿಸಿಲು ಬಿದ್ದಿರುತ್ತದೆ. ಕಲ್ಲು ಹಾಸು ಕಾದಿರುತ್ತದೆ, ಬರಿಗಾಲಿಗೆ ಒಂದು ಜೊತೆ ಹಳೆಯ ಸಾಕ್ಸ್ ಇರಲಿ. ಪಕ್ಕದ ಬಸದಿಹಳ್ಳಿಯ ಪಾರ್ಶ್ವನಾಥ ಬಸದಿಯಲ್ಲಿ ಮುಖ ಕಾಣುವಷ್ಟು ನುಣುಪಾದ ಕಂಬಗಳಿವೆ, ಬಸ್ಸಿನಲ್ಲಿ ಬಂದವರು ಅಲ್ಲಿಗೆ ಬರುವುದೇ ಇಲ್ಲ. ಹಾಸನದಿಂದ ಬೇಲೂರಿಗೆ ಬರುವಾಗ ಎಡಕ್ಕೋ ಬಲಕ್ಕೋ ನೋಡದೆ ಬರುವವರು ತಪ್ಪಿಸಿಕೊಳ್ಳುವ ಇನ್ನೊಂದು ಊರು ದೊಡ್ಡಗದ್ದವಳ್ಳಿ: ವರ್ತಕ ದಂಪತಿ 1114ರ ಸುಮಾರಿಗೆ ಕಟ್ಟಿಸಿದ, ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಾಲಯ, ಪಕ್ಕದಲ್ಲೇ ಕೆರೆ. ಹಳೇಬೀಡಿನ ಆಚೆ ಬೆಳವಾಡಿಯ ವೀರನಾರಾಯಣನನ್ನೂ ಬಿಡಬೇಡಿ.

ಗುಡಿಯೊಳಗೆ ಹೋದಾಗ ಕಾರಿನಲ್ಲಿರುವ ಬ್ಯಾಗನ್ನು ನೋಡಿಕೊಳ್ಳುವವರು ಇರುವುದಿಲ್ಲವಲ್ಲ, ಅದಕ್ಕೊಂದು ಉಪಾಯ. ಬೆಲೆಬಾಳುವುದನ್ನು ಡಿಕ್ಕಿಗೆ ಹಾಕುವುದಾದರೆ ಪಾರ್ಕಿಂಗ್ ತಲುಪುವ ಒಂದೆರಡು ಕಿ.ಮೀ. ಮೊದಲೇ ಹಾಕಿ. ಪಾರ್ಕಿಂಗ್‌ನಲ್ಲಿ ನಿಂತು ಎಲ್ಲರ ಎದುರು ಲ್ಯಾಪ್‌ಟಾಪ್ ಬ್ಯಾಗ್ ಡಿಕ್ಕಿಗೆ ಇಟ್ಟರೆ ಇಟ್ಟ ಜಾಗ ತೋರಿಸಿದಂತಾಯಿತು. ಎರಡನೆಯ ಕೀಲಿ ಮೈಮೇಲೆಯೇ ಇರಲಿ, ಬ್ಯಾಗಿನಲ್ಲಲ್ಲ. ಕೀಲಿ ಒಳಗೆ ಬಿಟ್ಟು ಬಾಗಿಲು ಹಾಕಿಕೊಳ್ಳುವುದು ಒಂಟಿ ಪ್ರಯಾಣಿಕರ ಅತಿ ಸಾಮಾನ್ಯ ಫಜೀತಿ.

ಈಗ ಚಕ್ರದ ವಿಷಯ, ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಹೊರಡುವ ಹಿಂದಿನ ದಿನ ನಾಲ್ಕು ಟೈರಿಗೆ ಗಾಳಿ ನೋಡಿಸುವವರು ಐದನೆಯದನ್ನು ಮರೆಯುತ್ತಾರೆ. ವರ್ಷಗಟ್ಟಲೆ ಡಿಕ್ಕಿಯ ತಳದಲ್ಲಿ ಮಲಗಿದ ಸ್ಟೆಪ್ನಿಯಲ್ಲಿ ಬೇಕಾದುದರ ಅರ್ಧದಷ್ಟೂ ಗಾಳಿ ಇರುವುದಿಲ್ಲ. ಅದಕ್ಕೆ ಕಂಪನಿ ಹೇಳಿದ್ದಕ್ಕಿಂತ ಮೂರ್ನಾಲ್ಕು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೆಚ್ಚು ಹೊಡೆಸಿಡಿ, ಇಳಿಸುವುದು ಸುಲಭ. ಜಾಕಿಯನ್ನೂ ಸ್ಪ್ಯಾನರನ್ನೂ ಮನೆಯ ಮುಂದೆಯೇ ಒಮ್ಮೆ ಹೊರತೆಗೆದು ಒಂದು ನಟ್ಟು ಸಡಿಲಿಸಿ ನೋಡಿ. ಟೈರ್ ಅಂಗಡಿಯಲ್ಲಿ ಏರ್ ಗನ್ನಿನಿಂದ ಬಿಗಿದ ನಟ್ಟು ಕಾರಿನ ಜೊತೆ ಬಂದ ಗಿಡ್ಡ ಸ್ಪ್ಯಾನರಿಗೆ ಅಲ್ಲಾಡುವುದಿಲ್ಲ. ಎಳೆದು ಉದ್ದ ಮಾಡುವ ಸ್ಪ್ಯಾನರ್ ಅಥವಾ ಅದರ ಹಿಡಿಗೆ ಸಿಕ್ಕಿಸಲು ಎರಡಡಿಯ ಕಬ್ಬಿಣದ ಪೈಪು ಇದ್ದರೆ ಯಾರೂ ಬಿಚ್ಚಬಹುದು, ತೋಳ್ಬಲದ ಮಾತೇ ಇಲ್ಲ. ಅಲಾಯ್ ಚಕ್ರಕ್ಕೆ ಕಳ್ಳರು ಬಿಚ್ಚದಂತೆ ಕೀಲಿಯ ನಟ್ಟು ಹಾಕಿಸಿದ್ದರೆ ಅದರ ಕೀಲಿ ಗ್ಲೋವ್ ಬಾಕ್ಸಿನಲ್ಲಿದೆಯೇ ನೋಡಿಕೊಳ್ಳಿ. ಮನೆಯ ಬೀರುವಿನಲ್ಲಿದ್ದರೆ ಶಿರಾಡಿ ಘಾಟಿಯ ಬುಡದ ಗುಂಡ್ಯದಲ್ಲಿ ಅದರಿಂದ ಉಪಯೋಗವಿಲ್ಲ.

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿ ಗಾಳಿ ನಿಧಾನವಾಗಿ ಇಳಿಯುತ್ತಿದ್ದರೆ ಮೊಳೆ ಕೀಳಬೇಡಿ. 12 ವೋಲ್ಟ್ ಸಾಕೆಟ್ಟಿಗೆ ಹಾಕುವ ಗಾಳಿ ಪಂಪು ಇದ್ದರೆ ಎಂಜಿನ್ ಚಾಲೂ ಇಟ್ಟು 33–35 ಪಿಎಸ್‌ಐವರೆಗೆ ತುಂಬಿ, 5 ಕಿ.ಮೀ.ಗೊಮ್ಮೆ ಇಳಿದು ನೋಡುತ್ತ ಪಂಕ್ಚರ್ ಅಂಗಡಿ ತಲುಪಬಹುದು. ಗುಂಡಿಯ ಅಂಚಿಗೋ ಕಲ್ಲಿಗೋ ಬಡಿದು ಟೈರಿನ ಪಕ್ಕೆ ಹರಿದಿದ್ದರೆ ಪಂಕ್ಚರ್ ಮುಚ್ಚುವ ಯಾವ ಬತ್ತಿಯೂ ನಿಲ್ಲದು, ಸ್ಟೆಪ್ನಿಯೇ ಗತಿ.

ಬದಲಿಸುವ ಜಾಗವೇ ಅರ್ಧ ಕೆಲಸ. ರಿಮ್ ಹಾಳಾದರೂ ಚಿಂತೆಯಿಲ್ಲ, ತಿರುವು ದಾಟಿ ಸಮತಟ್ಟಾದ ಕಡೆಗೆ ತೆವಳಿಕೊಂಡು ಹೋಗಿ. ಧರೆಯ, ಅಂದರೆ ರಸ್ತೆ ಬದಿಯ ಕಡಿದಾದ ಮಣ್ಣಿನ ಗೋಡೆಯ, ಬುಡದಲ್ಲಿ ಮಳೆಗಾಲದಲ್ಲಿ ನಿಲ್ಲಲೇಬಾರದು. ಹ್ಯಾಂಡ್‌ಬ್ರೇಕ್ ಎಳೆದು, ಇಳಿಜಾರಿಗೆ ಮುಖವಿದ್ದರೆ ರಿವರ್ಸ್, ಏರಿಗಿದ್ದರೆ ಮೊದಲನೆಯ ಗೇರು ಹಾಕಿ, ಪಂಕ್ಚರ್ ಆದ ಚಕ್ರಕ್ಕೆ ಮೂಲೆಯಿಂದ ಮೂಲೆಗೆ ಎದುರಾಗುವ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ತ್ರಿಕೋನದ ಫಲಕವನ್ನು ಕಾರಿನ ಬುಡದಲ್ಲಿಟ್ಟರೆ ಏನೂ ಆಗದು. 50 ಮೀಟರ್ ಹಿಂದೆ, ತಿರುವಿದ್ದರೆ ತಿರುವಿನ ಆಚೆ ಇಡಬೇಕು. ಫಲಕ ಇಲ್ಲದಿದ್ದರೆ ನಮ್ಮ ಕಡೆಯ ಪದ್ಧತಿಯಂತೆ ಸೊಪ್ಪಿನ ಕೊಂಬೆ. ನಟ್ಟುಗಳನ್ನು ಜಾಕಿ ಎತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸಿ, ಎತ್ತಿದ ಮೇಲೆ ಚಕ್ರವೇ ತಿರುಗುತ್ತದೆ. ಮಳೆಗೆ ನೆನೆದ ಮಣ್ಣಿನ ಅಂಚಿನಲ್ಲಿ ಜಾಕಿ ಕಾರನ್ನು ಎತ್ತುವ ಬದಲು ತಾನೇ ನೆಲಕ್ಕೆ ಇಳಿಯುತ್ತದೆ, ಅದಕ್ಕೆ ಒಂದಡಿ ಚೌಕದ ದಪ್ಪ ಹಲಗೆ ಡಿಕ್ಕಿಯಲ್ಲಿರಲಿ. ಜಾಕಿ ಕೂರಬೇಕಾದದ್ದು ಬಾಗಿಲಿನ ಕೆಳ ಅಂಚಿನ ಗುರುತು ಮಾಡಿದ ಕಚ್ಚಿನಲ್ಲಿ, ಬೇರೆಲ್ಲಿ ಕೊಟ್ಟರೂ ತಗಡು ಬಾಗುತ್ತದೆ. ಎತ್ತುವಾಗ ಸ್ಟೆಪ್ನಿಯನ್ನೂ, ಚಕ್ರ ಕಳಚಿದ ಮೇಲೆ ಕಳಚಿದ ಚಕ್ರವನ್ನೂ ಕಾರಿನಡಿ ಮಲಗಿಸಿಡಿ. ಜಾಕಿ ಜಾರಿದರೆ ಕಾರು ಅದರ ಮೇಲೆ ಕೂರುತ್ತದೆ, ನಿಮ್ಮ ಕಾಲಿನ ಮೇಲಲ್ಲ. ಚಕ್ರ ತಾನು ಕೂರುವ ಹಬ್‌ಗೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಜಾಕಿಯ ಮೇಲಿರುವಾಗ ಒದೆಯಬೇಡಿ. ನಟ್ಟುಗಳನ್ನು ಬೆರಳಿನಷ್ಟೇ ಸಿಕ್ಕಿಸಿ ಕಾರು ಇಳಿಸಿ, ಒಂದಡಿ ಮುಂದೆ ಒಂದಡಿ ಹಿಂದೆ ಸರಿಸಿದರೆ ಬಿಡುತ್ತದೆ. ಹೊಸದನ್ನು ಹಾಕುವಾಗ ನಟ್ಟುಗಳನ್ನು ಒಂದರ ಪಕ್ಕ ಒಂದಲ್ಲ, ಒಂದು ಬಿಟ್ಟು ಒಂದು ಎದುರುಬದುರಾಗಿ ಬಿಗಿಯಬೇಕು. ಕೊನೆಯ ಬಿಗಿ ಚಕ್ರ ನೆಲಕ್ಕೆ ಕೂತ ಮೇಲೆ. 50 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿ. ಸ್ಟೆಪ್ನಿ ಬೇರೆ ಟೈರುಗಳಿಗಿಂತ ಸಪೂರವಾಗಿದ್ದರೆ 80 ಕಿ.ಮೀ. ವೇಗ ದಾಟಬಾರದು.

ಹೊರಡುವಾಗ ಕೊಟ್ಟ ಕಲ್ಲುಗಳನ್ನು ರಸ್ತೆಯಿಂದ ತೆಗೆದು ಬದಿಗೆ ಹಾಕಿ, ಸೊಪ್ಪನ್ನೂ. ಲಾರಿಯವರು ಬಿಟ್ಟುಹೋದ ಕಲ್ಲಿಗೆ ಮಂಜಿನಲ್ಲಿ ಬೈಕ್ ತಾಗಿ ಬೀಳುವುದು ಈ ರಸ್ತೆಗಳ ಹಳೆಯ ರೋಗ. ಈ ಕೆಲಸಕ್ಕೆಲ್ಲ ಕೈ ಎರಡೂ ಬೇಕು, ಆದ್ದರಿಂದ ಮೊಬೈಲ್ ಟಾರ್ಚ್ ಸಾಲದು. ಹಣೆಗೆ ಕಟ್ಟುವ ಟಾರ್ಚ್ ಕೊಳ್ಳಿ.

ಘಾಟಿಗೆ ಬರೋಣ. ಹಾಸನದಿಂದ ಸಕಲೇಶಪುರ 40 ಕಿ.ಮೀ., ಅಲ್ಲಿಂದ ಶಿರಾಡಿ. ಮೂಡಿಗೆರೆಯಿಂದಾದರೆ ಕೊಟ್ಟಿಗೆಹಾರ, ಚಾರ್ಮಾಡಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಇಳಿಯುವವರು ಕಡಿಮೆ. ಅಲ್ಲಿ ನಿಂತಾಗಲೇ ಬ್ರೇಕ್ ಪೆಡಲ್ ಒಮ್ಮೆ ಒತ್ತಿ ಗಟ್ಟಿಯಾಗಿದೆಯೇ ನೋಡಿಕೊಳ್ಳುವುದು ಒಳ್ಳೆಯದು. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು, ಅಂದರೆ ಎರಡು, ಕಡಿದಾದಲ್ಲಿ ಒಂದು. ಆಟೊಮ್ಯಾಟಿಕ್ ಕಾರಿನವರು ಡಿ ಬಿಟ್ಟು ಎಲ್ ಅಥವಾ ಮ್ಯಾನುವಲ್‌ಗೆ ಹಾಕಿಕೊಳ್ಳಬೇಕು. ಆ ಎಲ್ ಏಕಿದೆಯೆಂದು ಇಳಿದು ಮುಗಿಯುವವರೆಗೂ ಗೊತ್ತಿಲ್ಲದವರು ಬಹಳ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವುದು ಶುದ್ಧ ಹುಚ್ಚುತನ, ಇಂದಿನ ಎಂಜಿನ್ ಗೇರಿನಲ್ಲಿದ್ದು ಕಾಲು ಎತ್ತಿದಾಗ ಇಂಧನವನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಕುಡಿಯುತ್ತಲೇ ಇರುತ್ತದೆ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಅಗಲ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಎರಚಬಾರದು, ಸೊಟ್ಟಗಾಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದರೆ ಅಲ್ಲೇ ಕಚ್ಚಿಕೊಳ್ಳಬಹುದು. ಗೇರಿನಲ್ಲಿ ಬಿಟ್ಟು ಕಲ್ಲು ಕೊಟ್ಟರೆ ಸಾಕು. ಕಿರಿದಾದ ಕಡೆ ಎದುರಾದರೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು. ಇದು ಬರೀ ಸೌಜನ್ಯವಲ್ಲ, ನಿಯಮ.

ಮುಳ್ಳಯ್ಯನಗಿರಿ (1,930 ಮೀ.) ರಸ್ತೆಯಲ್ಲಿ ತೊಂದರೆ ಬ್ರೇಕಿನದಲ್ಲ, ಕ್ಲಚ್ಚಿನದು. ಏರಿನಲ್ಲಿ ವಾಹನಗಳು ಸಾಲುಗಟ್ಟಿದಾಗ ಅರ್ಧ ಕ್ಲಚ್ಚಿನಲ್ಲಿ ಕಾರನ್ನು ಹಿಡಿದುನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ಹೊಗೆ. ಪ್ರತಿ ಸಲ ನಿಂತಾಗಲೂ ಹ್ಯಾಂಡ್‌ಬ್ರೇಕ್ ಎಳೆದು, ಗೇರು ಬಿಡಿಸಿ. ಮುಂದಿನ ಕಾರು ಎರಡು ಕಾರಿನಷ್ಟು ದೂರ ಸರಿದ ಮೇಲೆಯೇ ಹೊರಡಿ. ಗಿರಿಗೆ ಈಗ ಆನ್‌ಲೈನ್‌ನಲ್ಲಿ ಮೊದಲೇ ನೋಂದಾಯಿಸಬೇಕು, ಅದರ ಚಿತ್ರ ಫೋನಿನಲ್ಲಿ ಉಳಿಸಿಟ್ಟುಕೊಂಡು ಕೈಮರ ಚೆಕ್‌ಪೋಸ್ಟಿಗೆ ಬನ್ನಿ. ನಮ್ಮನ್ನು ಕೇಳಿದರೆ, ವಾರಾಂತ್ಯದಲ್ಲಿ ಒಬ್ಬರೇ ಇರುವವರು ಗಿರಿಯ ಆಸೆ ಬಿಟ್ಟು ಅಯ್ಯನಕೆರೆಯ ಏರಿಯ ಮೇಲೆ ಕೂರುವುದು ವಾಸಿ.

ಮಂಜಿನಲ್ಲಿ ಹೆಡ್‌ಲೈಟ್ ಕೆಳಗೆ ಹಾಕಿ; ಮೇಲೆ ಹಾಕಿದರೆ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ಬರುತ್ತದೆ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಓಡಿಸುವ ಚಾಳಿ ಹಬ್ಬಿದೆ, ಅದರಿಂದ ನೀವು ತಿರುಗುತ್ತೀರೋ ನಿಂತಿದ್ದೀರೋ ಹಿಂದಿನವರಿಗೆ ತಿಳಿಯುವುದಿಲ್ಲ. ಎಡಗಡೆಯ ಬಿಳಿ ಗೆರೆ ಹಿಡಿದು, ಗಾಜು ಎರಡಿಂಚು ಇಳಿಸಿ ಎದುರಿನ ಹಾರ್ನ್ ಕೇಳುತ್ತ ಹೋಗಿ. ಗಾಜಿನ ಒಳಗೆ ಹಬೆ ಕಟ್ಟಿದರೆ ಎ.ಸಿ. ಹಾಕಿ, ತಾಪಮಾನ ಬೆಚ್ಚಗೆ ಮಾಡಿ, ಹೊರಗಾಳಿ ಬರುವಂತೆ ತಿರುಗಿಸಿ, ಗಾಳಿಯನ್ನು ಗಾಜಿನತ್ತ ಬಿಡಿ. ಒಂದು ನಿಮಿಷದಲ್ಲಿ ತಿಳಿಯಾಗುತ್ತದೆ. ವೈಪರ್ ಒಮ್ಮೆ ಹೊಡೆದರೆ ಹೋಗುವ ಹಬೆ ಹೊರಗಿನದು. ಒಳಗೆ ತಣ್ಣಗೆ ಹೆಚ್ಚಾಗಿದೆ ಎಂದರ್ಥ, ತಾಪಮಾನ ಏರಿಸಿ. ಓಡಿಸುತ್ತ ಬಗ್ಗಿ ಒರೆಸಹೋಗಬೇಡಿ.

ದಾರಿ ತೋರುವ ಆ್ಯಪ್‌ಗೆ ಟಾರು ಯಾವುದು, ಎಸ್ಟೇಟಿನ ಜೀಪು ರಸ್ತೆ ಯಾವುದು ಎಂಬ ಭೇದ ಅಷ್ಟಾಗಿ ತಿಳಿಯದು. ಹತ್ತು ನಿಮಿಷ ಉಳಿಸುವ ಆಸೆ ತೋರಿಸಿ ತೋಟದ ನಡುವೆ ಕರೆದೊಯ್ಯುತ್ತದೆ. ಟಾರು ಮುಗಿದು ನಡುವೆ ಹುಲ್ಲು ಬೆಳೆದ ಎರಡು ಗಾಲಿ ಜಾಡು ಕಂಡರೆ, ಅಥವಾ ಕಬ್ಬಿಣದ ಗೇಟು ಎದುರಾದರೆ ಅಲ್ಲೇ ತಿರುಗಿಸಿ. ಮುಂದೆ ತಿರುಗಿಸಲು ಜಾಗ ಸಿಗದೆ, ಹಿಂದೆ ನೋಡಿ ಹೇಳುವವರೂ ಇಲ್ಲದೆ ಚರಂಡಿಗೆ ಚಕ್ರ ಇಳಿಯುತ್ತದೆ. ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡಿರಿ. ಸಿಗ್ನಲ್ ಇಲ್ಲದ ಕಡೆ ಲೈವ್ ಲೊಕೇಶನ್ ಕೂಡ ನಿಂತುಹೋಗುತ್ತದೆ, ಅದನ್ನೇ ನಂಬಬಾರದು. ಹಳೆಯ ಕ್ರಮವೇ ಮೇಲು: ‘ಕೊಟ್ಟಿಗೆಹಾರ 10:20ಕ್ಕೆ ಬಿಟ್ಟೆ, ಉಜಿರೆಗೆ 12’ ಎಂದು ಮನೆಗೊಂದು ಮೆಸೇಜು. ಒಂದು ಗಂಟೆಯಾದರೂ ಮುಂದಿನ ಮೆಸೇಜು ಬಾರದಿದ್ದರೆ ಏನು ಮಾಡಬೇಕೆಂದು ಮನೆಯವರಿಗೆ ಮೊದಲೇ ಹೇಳಿರಬೇಕು. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕುವಲ್ಲಿ 112ಕ್ಕೆ ಕರೆ ಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033, ಆಂಬುಲೆನ್ಸಿಗೆ 108. ಎಲ್ಲಿದ್ದೀರಿ ಎಂದು ಕೇಳಿದಾಗ ‘ಕಾಡಿನ ಮಧ್ಯೆ’ ಎಂದರೆ ಯಾರೂ ಬರಲಾರರು. ದಾಟಿಬಂದ ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿ. ತಲೆ ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ.

ಬೇಲೂರು, ಆಲೂರು, ಸಕಲೇಶಪುರ, ಮೂಡಿಗೆರೆ ತಾಲ್ಲೂಕುಗಳ ತೋಟದ ರಸ್ತೆಗಳಲ್ಲಿ, ಮುಖ್ಯವಾಗಿ ಬಿಕ್ಕೋಡು, ಅರೇಹಳ್ಳಿ ಕಡೆ, ಸಂಜೆ ಆರರಿಂದ ಬೆಳಿಗ್ಗೆ ಏಳರವರೆಗೆ ಒಬ್ಬರೇ ಓಡಾಡಬಾರದು. ಕಾರಣ ಆನೆ. ಕಾಣಿಸಿದರೆ 100 ಮೀಟರ್ ದೂರದಲ್ಲೇ ನಿಲ್ಲಿಸಿ, ಹಾರ್ನ್ ಬೇಡ, ಲೈಟ್ ಮಿನುಗಿಸುವುದು ಬೇಡ, ಎಂಜಿನ್ ಆರಿಸುವುದೂ ಬೇಡ. ತಿರುಗಿಸಹೋಗದೆ ನೇರ ಹಿಂದಕ್ಕೆ ಸರಿಯಿರಿ. ಒಂದು ದಾಟಿತೆಂದು ಹೊರಡಬೇಡಿ, ಹಿಂದೆ ಮರಿಯಿರಬಹುದು. ಕತ್ತಲಲ್ಲಿ, ಎರಡೂ ಕಡೆ ಬೇಲಿಯಿರುವ ದಾರಿಯಲ್ಲಿ ಕಾಲು ಕಿ.ಮೀ. ಹಿಂದಕ್ಕೆ ಓಡಿಸುವುದು ಎಷ್ಟು ಜನಕ್ಕೆ ಬರುತ್ತದೆ? ಅರಣ್ಯ ಇಲಾಖೆಯ ಸಹಾಯವಾಣಿ 1926. ಊರಿನ ಚಹಾದಂಗಡಿಯಲ್ಲಿ ‘ಆನೆ ಎಲ್ಲಿದೆಯಣ್ಣಾ’ ಎಂದು ಕೇಳಿ ಹೋಗುವುದು ಇನ್ನೂ ಒಳ್ಳೆಯದು.

ಬೈಕಿನವರಿಗೆ ಎರಡೇ ಮಾತು. ಭಾರದ ಬೈಕ್ ಮಗುಚಿದರೆ ಕೈಯಿಂದ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ. ಎಂಜಿನ್ ಆರಿಸಿ, ಗೇರಿನಲ್ಲಿಟ್ಟು, ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಡಿಸಿ, ಸೀಟಿಗೆ ಬೆನ್ನು ಕೊಟ್ಟು ಕೂತು, ಒಂದು ಕೈ ಹ್ಯಾಂಡಲಿಗೆ ಒಂದು ಕೈ ಹಿಂದಿನ ಹಿಡಿಗೆ ಹಾಕಿ ಕಾಲಿನ ಬಲದಿಂದ ಹಿಂದಕ್ಕೆ ನಡೆಯುವಂತೆ ತಳ್ಳಿದರೆ ಏಳುತ್ತದೆ. ಇನ್ನು, ಮಳೆಗಾಲದಲ್ಲಿ ಚೈನಿಗೆ 500 ಕಿ.ಮೀ.ಗೆ ಕಾಯದೆ ಪ್ರತಿ ಸಂಜೆ ಎಣ್ಣೆ ಬಿಡಿ. ಕಾಲಿಗೆ ಹತ್ತುವ ಉಂಬಳಕ್ಕೆ (ಜಿಗಣೆಗೆ) ಸುಣ್ಣ ಅಥವಾ ಉಪ್ಪು ಸಾಕು, ಎಳೆದು ಕೀಳಬೇಡಿ.

ಇಷ್ಟೆಲ್ಲಕ್ಕಿಂತ ಕೆಟ್ಟದ್ದು ಘಾಟಿಯಲ್ಲಲ್ಲ, ಚೆನ್ನಾಗಿರುವ ಚತುಷ್ಪಥದಲ್ಲಿದೆ. ಬೆಂಗಳೂರಿನಿಂದ ಹಾಸನಕ್ಕೆ 180 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಬೆಳ್ಳೂರು ಕ್ರಾಸ್ ದಾಟಿ ಹಿರೀಸಾವೆ, ಚನ್ನರಾಯಪಟ್ಟಣದ ಕಡೆ ರಸ್ತೆ ನೇರ, ಕೈಗೂ ಕಾಲಿಗೂ ಕೆಲಸವಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಎರಡರಿಂದ ನಾಲ್ಕು, ರಾತ್ರಿ ಎರಡರಿಂದ ಬೆಳಗಿನ ಆರು, ಈ ಹೊತ್ತುಗಳಲ್ಲಿ ಕಣ್ಣು ತೆರೆದಿದ್ದರೂ ಮೂರ್ನಾಲ್ಕು ಸೆಕೆಂಡು ತಲೆ ಮಲಗಿಬಿಡುತ್ತದೆ. 100 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡೆಂದರೆ 110 ಮೀಟರ್. ದಾಟಿಬಂದ ಊರು ನೆನಪಾಗದಿರುವುದು, ಮತ್ತೆ ಮತ್ತೆ ಆಕಳಿಕೆ, ಗೆರೆಯ ಮೇಲೆ ಚಕ್ರ ಹತ್ತಿ ಗಡಗಡ ಸದ್ದಾಗುವುದು, ಇವು ನಿಲ್ಲಿಸು ಎನ್ನುವ ಸೂಚನೆ. ಜೋರು ಹಾಡು, ಮುಖಕ್ಕೆ ಗಾಳಿ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನ ಅಂಗಳದಲ್ಲೋ ನಿಲ್ಲಿಸಿ ಒಂದು ಗಟ್ಟಿ ಕಾಫಿ ಕುಡಿದು, ಕುಡಿದ ಕೂಡಲೇ 20 ನಿಮಿಷ ಅಲಾರ್ಮ್ ಇಟ್ಟು ಮಲಗಿ. ಕಾಫಿ ತಲೆಗೇರಲು ಅಷ್ಟು ಹೊತ್ತು ಬೇಕು, ಏಳುವಾಗ ನಿದ್ದೆಯ ಲಾಭವೂ ಕಾಫಿಯ ಲಾಭವೂ ಒಟ್ಟಿಗೆ ಸಿಗುತ್ತದೆ. ರಸ್ತೆಯ ಅಂಚಿನಲ್ಲಿ ಮಾತ್ರ ಮಲಗಬೇಡಿ, ನಿಂತ ವಾಹನಕ್ಕೆ ಹಿಂದಿನಿಂದ ಗುದ್ದುವವರೂ ತೂಕಡಿಸುತ್ತಿರುವವರೇ.

ಇನ್ನು ಜಿಲ್ಲೆಯವರಿಗೆ ಹೇಳಬೇಕಾದದ್ದು. ಒಬ್ಬರೇ ಬಂದವರಿಗೆ ರೂಮು ಕೊಡುವುದಿಲ್ಲ ಎನ್ನುವ ಲಾಡ್ಜುಗಳು ಎರಡೂ ಜಿಲ್ಲೆಗಳಲ್ಲಿ ಇವೆ. ಹೆಂಗಸರಾದರೆ ‘ಜೊತೆಗೆ ಯಾರಿಲ್ಲವೇ’ ಎಂಬ ಪ್ರಶ್ನೆ, ಗಂಡಸರಾದರೆ ಅನುಮಾನದ ನೋಟ. ಹೋಂಸ್ಟೇಗಳಲ್ಲಿ ತಲೆಗಿಷ್ಟು ಎಂದು ಫಲಕ ಹಾಕಿ, ಒಬ್ಬರು ಬಂದರೆ ಇಬ್ಬರ ಹಣ ಕೇಳುತ್ತಾರೆ. ಗುರುತಿನ ಚೀಟಿ ಪಡೆದು, ವಾಹನದ ನಂಬರ್ ಬರೆದುಕೊಂಡು ಕೊಡುವುದರಲ್ಲಿ ಏನು ಕಷ್ಟವಿದೆ? ಸಂಜೆ ಆರರ ಮೇಲೆ ರೂಮಿಲ್ಲವೆಂದು ಕಳುಹಿಸಿದವರು ಹೋಗುವುದು ಆನೆಯ ದಾರಿಯಲ್ಲಿ. ಒಬ್ಬರ ದರವನ್ನು ಪ್ರತ್ಯೇಕವಾಗಿ ಬರೆದು ಹಾಕುವಂತೆ ಪ್ರವಾಸೋದ್ಯಮ ಇಲಾಖೆ ನೋಂದಾಯಿತ ಹೋಂಸ್ಟೇಗಳಿಗೆ ಸೂಚಿಸಲಿ.

ಕಿಲೋಮೀಟರ್ ಕಲ್ಲುಗಳ ಸ್ಥಿತಿ ನೋಡಿ: ಲಂಟಾನದಡಿ ಮುಚ್ಚಿವೆ, ಕೆಲವು ಮುರಿದಿವೆ, ಕೆಲವಕ್ಕೆ ಅಂಕಿಯೇ ಇಲ್ಲ. ಮಳೆಗಾಲಕ್ಕೆ ಮುಂಚೆ ಗಿಡ ಸವರಿ ಒಂದು ಕೈ ಬಣ್ಣ ಬಳಿಸುವುದು ದೊಡ್ಡ ಖರ್ಚಲ್ಲ. ಸಿಗ್ನಲ್ ಇಲ್ಲದ ಪಟ್ಟಿ ಶುರುವಾಗುವ ಮೊದಲು ‘ಮುಂದಿನ ಇಷ್ಟು ಕಿ.ಮೀ. ಮೊಬೈಲ್ ಸಂಪರ್ಕವಿಲ್ಲ’ ಎಂಬ ಫಲಕವೂ ಬೇಕು. ಮನೆಗೆ ಮೆಸೇಜು ಕಳುಹಿಸಬೇಕಾದದ್ದು ಅದರ ಈಚೆ.

ಎಲ್ಲಕ್ಕಿಂತ ಬೇಗ ಆಗಬೇಕಾದದ್ದು ರಸ್ತೆ ಬಂದ್ ಆದ ಸುದ್ದಿ ಮುಟ್ಟಿಸುವ ವ್ಯವಸ್ಥೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ತಿಂಗಳುಗಟ್ಟಲೆ ಮುಚ್ಚಿತ್ತು. 2024ರ ಮಳೆಗೆ ಶಿರಾಡಿ ದಾರಿಯಲ್ಲಿ ಧರೆ ಮತ್ತೆ ಮತ್ತೆ ಜಾರಿತು. ಆದರೆ ಬ್ಯಾರಿಕೇಡ್ ಕಾಣುವುದು ಕೊಟ್ಟಿಗೆಹಾರದಲ್ಲಿ ಅಥವಾ ಸಕಲೇಶಪುರ ದಾಟಿದ ಮೇಲೆ. ಅಷ್ಟು ಹೊತ್ತಿಗೆ ಕತ್ತಲಾಗಿರುತ್ತದೆ, ಒಬ್ಬರೇ ಇರುವವರು ತೋಟದ ಒಳದಾರಿಗಳಲ್ಲಿ ಸುತ್ತುಬಳಸಿ ಹಿಂದಿರುಗಬೇಕು. ಶಿರಾಡಿ, ಚಾರ್ಮಾಡಿ, ಬಿಸಿಲೆ, ಮೂರೂ ಘಾಟಿಗಳ ಹೆಸರಿನ ಮುಂದೆ ‘ತೆರೆದಿದೆ’, ‘ಮುಚ್ಚಿದೆ’ ಎಂದು ಬದಲಿಸಬಹುದಾದ ಒಂದೊಂದು ಫಲಕವನ್ನು ಹಾಸನ ಬೈಪಾಸ್, ಬೇಲೂರು ಮತ್ತು ಚಿಕ್ಕಮಗಳೂರಿನ ಮೂಡಿಗೆರೆ ರಸ್ತೆಯಲ್ಲಿ ಈ ಮುಂಗಾರಿಗೆ ಮೊದಲೇ ಹಾಕಬೇಕೆಂದು ಎರಡೂ ಜಿಲ್ಲಾಡಳಿತಗಳನ್ನು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇವೆ. ವಿದ್ಯುತ್ ಫಲಕಕ್ಕೆ ಹಣವಿಲ್ಲದಿದ್ದರೆ ಕೊಕ್ಕೆಗೆ ನೇತುಹಾಕುವ ತಗಡಿನ ಹಲಗೆಯಾದರೂ ಆದೀತು, ದಿನಕ್ಕೆರಡು ಬಾರಿ ಬದಲಿಸುವವರು ಒಬ್ಬರಿದ್ದರೆ.

ಇಂತಿ,
ಕೆಲವು ಓದುಗರು
ಹಾಸನ